ಹಳೆಯ ಹಾಡು ಹಂಚಿಕೊಳ್ಳುವುದು ಹೇಗೆ: ಹಾಡಿನ ಜೊತೆ ಒಂದು ಜಾಗವನ್ನೂ ತೋರಿಸಿ

ಹಳೆಯ ಹಾಡೊಂದನ್ನು ಸ್ನೇಹಿತರಿಗೆ ಕಳಿಸುವಾಗ ನಾವು ಏನು ಬರೆಯುತ್ತೇವೆ? "ಎಂಥ ಹಾಡು ಅಲ್ವಾ!" ಅಷ್ಟೇ. ಆ ಕಡೆಯಿಂದ "ಸೂಪರ್" ಅಂತ ಬರುತ್ತದೆ. ಮಾತು ಅಲ್ಲಿಗೇ ನಿಂತಿತು. ಅವರು ಹಾಡನ್ನು ಪೂರ್ತಿ ಕೇಳಿದರೋ, ಪಲ್ಲವಿ ಮುಗಿದ ಕೂಡಲೇ ಬಿಟ್ಟರೋ ತಿಳಿಯುವುದಿಲ್ಲ. ನಮಗೆ ಅಷ್ಟು ಬೇಕಾದ ಹಾಡು ಇನ್ನೊಬ್ಬರ ಫೋನಿನಲ್ಲಿ ಸುಮ್ನೆ ಬಿದ್ದಿರುತ್ತದೆ.

ನಾವು ಒಂದಷ್ಟು ಜನ ಭಾನುವಾರ ಸಂಜೆ ಸೇರಿ ಹಳೆಯ ಕನ್ನಡ ಹಾಡು ಕೇಳುತ್ತೇವೆ. ರೇಡಿಯೊ ಕಾಲದವರು ಇದ್ದಾರೆ, ಕ್ಯಾಸೆಟ್ ಕಾಲದವರು ಇದ್ದಾರೆ. ಎಲ್ಲವನ್ನೂ ಫೋನಿನಲ್ಲೇ ಕೇಳಿ ಬೆಳೆದ ನನ್ನ ಅಣ್ಣನ ಮಗಳೂ ಬರುತ್ತಾಳೆ. ಹಾಡು ಹಾಕುವ ಕೆಲಸ ನನ್ನದು. ಮಾತು ಯಾವಾಗ ಹರಿಯುತ್ತದೆ, ಯಾವಾಗ ಒಣಗುತ್ತದೆ ಅನ್ನುವುದನ್ನು ಅಲ್ಲೇ ಕೂತು ನೋಡುತ್ತಾ ಬಂದಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ಇಡೀ ಹಾಡನ್ನು ಹೊಗಳಬೇಡಿ

ನಿಮಗೆ ಒಂದು ಹಾಡು ಇಷ್ಟ ಅಂದರೆ ಅದರಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿದ ಒಂದು ಜಾಗ ಇದ್ದೇ ಇರುತ್ತದೆ. ಎರಡನೇ ಚರಣಕ್ಕೆ ಮುಂಚಿನ ಕೊಳಲು ಇರಬಹುದು. ಗಾಯಕಿ ಒಂದು ಅಕ್ಷರವನ್ನು ಸ್ವಲ್ಪ ಜಾಸ್ತಿ ಎಳೆದದ್ದು ಇರಬಹುದು. ಪಲ್ಲವಿಗೆ ವಾಪಸ್ ಬರುವ ತಿರುವು ಇರಬಹುದು. ಹಾಡು ಹಂಚಿಕೊಳ್ಳುವಾಗ ಆ ಜಾಗವನ್ನು ಹೇಳಿ. "ಎರಡನೇ ಚರಣದ ಕೊನೆಯ ಸಾಲು ಗಮನಿಸಿ ಕೇಳಿ, ಆಮೇಲೆ ಮಾತಾಡೋಣ" ಅಂತ ಬರೆದರೆ, ಕೇಳುವವರು ಆ ಸಾಲು ಬರುವವರೆಗೆ ಕಾಯುತ್ತಾರೆ. ಕಾಯುತ್ತಾ ಇಡೀ ಹಾಡನ್ನು ಕೇಳುತ್ತಾರೆ.

ಜಾಗದ ಬದಲು ಒಂದು ಪ್ರಶ್ನೆಯನ್ನೂ ಕೊಡಬಹುದು. 'ಬಂಗಾರದ ಮನುಷ್ಯ' (1972) ಚಿತ್ರದ "ನಗು ನಗುತಾ ನಲಿ" ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಯಾರೂ ಅದನ್ನು ಕಿವಿಗೊಟ್ಟು ಕೇಳುವುದಿಲ್ಲ. ಆ ಹಾಡು ಮಗುತನದಿಂದ ಮುಪ್ಪಿನವರೆಗೆ ಒಂದೊಂದೇ ಘಟ್ಟ ದಾಟಿ ಹೋಗುತ್ತದೆ. ನಾನು ಅದನ್ನು ಹಾಕುವ ಮುಂಚೆ "ನೀವು ಈಗ ಯಾವ ಚರಣದಲ್ಲಿದ್ದೀರಿ?" ಅಂತ ಕೇಳಿದೆ. ಪಿ.ಬಿ. ಶ್ರೀನಿವಾಸ್ ಅವರ ದನಿ ನಿಂತ ಮೇಲೆ ನಡೆದ ಮಾತು ಆ ಸಂಜೆ ಬೇರೆ ಹಾಡಿಗೆ ಜಾಗವನ್ನೇ ಬಿಡಲಿಲ್ಲ.

ಒಬ್ಬರಿಗೆ ಒಂದೇ ಹಾಡು

ಒಂದು ಸಲಕ್ಕೆ ಹತ್ತು ಲಿಂಕ್ ಕಳಿಸುವವರನ್ನು ನೀವೂ ನೋಡಿರುತ್ತೀರಿ. ಪ್ರೀತಿಯಿಂದಲೇ ಕಳಿಸುತ್ತಾರೆ, ಆದರೆ ಒಂದನ್ನೂ ಯಾರೂ ಕೇಳುವುದಿಲ್ಲ. ಕೂಟದಲ್ಲಾದರೂ ಫೋನಿನಲ್ಲಾದರೂ ಒಬ್ಬರು ಒಂದು ಹಾಡು ಮಾತ್ರ ತರಲಿ. ಆರು ಜನ ಸೇರಿದರೆ ಆರು ಹಾಡು. ಒಂದು ಸಂಜೆಗೆ ಅದು ಧಾರಾಳವಾಗಿ ಸಾಕು.

ಎರಡು ಸಲ ಕೇಳಿಸಿ

ಈ ಬರಹದಲ್ಲಿ ಒಂದೇ ಒಂದು ಮಾತನ್ನು ಹಿಡಿದುಕೊಳ್ಳುತ್ತೀರಿ ಅಂದರೆ ಇದನ್ನು ಹಿಡಿದುಕೊಳ್ಳಿ. ಮೊದಲ ಸಲ ಹಾಡು ಶುರುವಿನಿಂದ ಕೊನೆಯವರೆಗೆ, ಯಾರೂ ಮಾತಾಡದೆ. ಜೊತೆಗೆ ಹಾಡುವುದೂ ಬೇಡ. "ಈಗ ಬರುತ್ತೆ ನೋಡಿ" ಅನ್ನುವುದೂ ಬೇಡ. ಮುಗಿದ ಮೇಲೆ ಮಾತು. ಮಾತೆಲ್ಲ ಆದ ಮೇಲೆ ಅದೇ ಹಾಡು ಇನ್ನೊಮ್ಮೆ. ಆಗ ಬೇಕಾದವರು ಜೊತೆಗೆ ಹಾಡಲಿ, ತಾಳ ಹಾಕಲಿ.

ಎರಡನೇ ಸಲ ಅದೇ ಹಾಡು ಬೇರೆಯಾಗಿ ಕೇಳಿಸುತ್ತದೆ. ಒಬ್ಬರು ಪಿಟೀಲಿನ ಬಗ್ಗೆ ಹೇಳಿರುತ್ತಾರೆ, ಈಗ ಎಲ್ಲರ ಕಿವಿಯೂ ಪಿಟೀಲಿನ ಹಿಂದೆ ಹೋಗುತ್ತದೆ. ಹಳೆಯ ರೆಕಾರ್ಡಿಂಗ್‌ಗಳಲ್ಲಿ ಹೀಗೆ ಹುಡುಕಿಕೊಂಡು ಹೋಗುವುದಕ್ಕೆ ತುಂಬಾ ಇದೆ. ಆಗ ಹಾಡುವವರು, ನುಡಿಸುವವರು ಎಲ್ಲರೂ ಒಟ್ಟಿಗೇ ಸೇರಿ ಒಂದೇ ಟೇಕ್‌ನಲ್ಲಿ ಹಾಡು ಮುಗಿಸುತ್ತಿದ್ದರು. ನಡುವೆ ಒಬ್ಬರು ತಪ್ಪಿದರೂ ಎಲ್ಲರೂ ಮೊದಲಿನಿಂದ ಶುರು ಮಾಡಬೇಕು. ಸಾಲುಗಳ ನಡುವೆ ಗಾಯಕರು ಉಸಿರು ತೆಗೆದುಕೊಳ್ಳುವುದು ಕೆಲವು ಹಾಡುಗಳಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ನನಗೆ ಅದು ತುಂಬಾ ಇಷ್ಟ. ಎದುರಿಗೆ ನಿಂತು ಹಾಡಿದ ಹಾಗಿರುತ್ತದೆ.

ಸಿನಿಮಾದಲ್ಲೇ ಎರಡು ಸಲ ಬರುವ ಹಾಡುಗಳಿದ್ದರೆ ಈ ವಿಧಾನಕ್ಕೆ ಇನ್ನೂ ಚೆನ್ನ. 'ಕಸ್ತೂರಿ ನಿವಾಸ'ದ (1971) "ಆಡಿಸಿ ನೋಡು ಬೀಳಿಸಿ ನೋಡು" ಅಂಥದ್ದು. ಜಿ.ಕೆ. ವೆಂಕಟೇಶ್ ಸಂಗೀತ, ಚಿ. ಉದಯಶಂಕರ್ ಸಾಹಿತ್ಯ, ಪಿ.ಬಿ. ಶ್ರೀನಿವಾಸ್ ಗಾಯನ. ಬಿದ್ದರೂ ಎದ್ದು ನಿಲ್ಲುವ ಬೊಂಬೆಯ ಹಾಡು ಅದು. ಚಿತ್ರದಲ್ಲಿ ಮುಂದೆ ಅದೇ ಧಾಟಿ ದುಃಖದ ಹಾಡಾಗಿ ಬರುತ್ತದೆ. ಎರಡನ್ನೂ ಒಂದರ ಹಿಂದೊಂದು ಹಾಕಿ. ಬದಲಾದದ್ದು ವೇಗವೋ, ವಾದ್ಯವೋ, ದನಿಯೋ, ಬರೀ ಮಾತೋ ಅಂತ ಕೇಳಿ. ಸಂಗೀತ ಕಲಿಯದವರಿಗೂ ಈ ಪ್ರಶ್ನೆಗೆ ಉತ್ತರ ಇರುತ್ತದೆ. ಕೆಲವು ಸಲ ಅವರ ಉತ್ತರವೇ ಹೆಚ್ಚು ಖಚಿತವಾಗಿರುತ್ತದೆ.

ಹಾಡಿನ ಹಿಂದಿನವರ ಹೆಸರು ಹೇಳಿ

ಆಕಾಶವಾಣಿಯಲ್ಲಿ ಚಿತ್ರಗೀತೆ ಹಾಕುವಾಗ ಚಿತ್ರ, ಸಾಹಿತ್ಯ, ಸಂಗೀತ, ಗಾಯಕರು ಅಂತ ಹೇಳುತ್ತಿದ್ದರು. ನಮ್ಮ ತಂದೆ ಹಾಡು ಶುರುವಾಗುವವರೆಗೆ ನಮಗೆ ಮಾತಾಡಲು ಬಿಡುತ್ತಿರಲಿಲ್ಲ. ಹೆಸರು ತಪ್ಪಿಹೋದೀತು ಅಂತ. ಆ ಪದ್ಧತಿಯನ್ನು ನಾವು ಕೂಟದಲ್ಲಿ ಉಳಿಸಿಕೊಂಡಿದ್ದೇವೆ. ಹಾಡು ತಂದವರು ಈ ನಾಲ್ಕು ವಿವರದ ಜೊತೆ ವರ್ಷವನ್ನೂ ಹೇಳಬೇಕು.

ಇದನ್ನು ಬರೀ ಮರ್ಯಾದೆಗೆ ಅಂತ ಮಾಡುವುದಲ್ಲ. ಹೆಸರು ಗೊತ್ತಾದರೆ ಮುಂದಿನ ಹಾಡಿಗೆ ದಾರಿ ಸಿಗುತ್ತದೆ. 'ಬೆಳ್ಳಿಮೋಡ'ದ (1967) "ಮೂಡಲ ಮನೆಯ" ಹಾಡನ್ನು ಎಸ್. ಜಾನಕಿ ಅವರ ದನಿಯಲ್ಲಿ ಕೇಳಿದ ನನ್ನ ಅಣ್ಣನ ಮಗಳಿಗೆ ಅದು ಬೇಂದ್ರೆಯವರ 'ಬೆಳಗು' ಕವಿತೆ ಅಂತ ಹೇಳಿದೆ. ಅವಳು ಕವಿತೆಯನ್ನು ಹುಡುಕಿ, ಮುಂದಿನ ಸಲ ಜೋರಾಗಿ ಓದಿದಳು. ಓದಿದ ಮೇಲೆ ವಿಜಯಭಾಸ್ಕರ್ ಅವರ ಸಂಗೀತದಲ್ಲಿ ಮತ್ತೆ ಕೇಳಿದೆವು. ಯಾವ ಸಾಲುಗಳನ್ನು ಹಾಡಿಗೆ ತೆಗೆದುಕೊಂಡಿದ್ದಾರೆ, ಎಲ್ಲಿ ನಿಲ್ಲಿಸಿದ್ದಾರೆ ಅನ್ನುವುದನ್ನು ನೋಡುತ್ತಾ ಹೋದೆವು. ಕುವೆಂಪು ಅವರ "ದೋಣಿ ಸಾಗಲಿ" ಕೂಡ ಹೀಗೆಯೇ ಸಿನಿಮಾಕ್ಕೆ ಬಂದದ್ದು. 'ಮಿಸ್ ಲೀಲಾವತಿ', 1965. ಹೊಸಬರನ್ನು ಕವಿತೆಯ ಕಡೆ ಕರೆತರಲು ಇದಕ್ಕಿಂತ ಸಲೀಸಾದ ದಾರಿ ನನಗೆ ಕಂಡಿಲ್ಲ.

ಹೆಸರುಗಳ ವಿಷಯದಲ್ಲಿ ಒಂದು ಎಚ್ಚರ. ಯೂಟ್ಯೂಬಿನಲ್ಲಿ ಯಾರೋ ಹಾಕಿದ ಹಾಡಿನ ಕೆಳಗಿನ ವಿವರವನ್ನು ಹಾಗೆಯೇ ನಂಬಬೇಡಿ. ಗೀತೆ ಬರೆದವರ ಹೆಸರು ಅಲ್ಲಿ ತುಂಬಾ ಸಲ ತಪ್ಪಿರುತ್ತದೆ. ಚಿತ್ರದ ಟೈಟಲ್ ಕಾರ್ಡ್, ರೆಕಾರ್ಡ್ ಅಥವಾ ಕ್ಯಾಸೆಟ್ ಹೊದಿಕೆ ನೋಡಿ. ಟೈಟಲ್ ಕಾರ್ಡಿನಲ್ಲಿ ಇಬ್ಬರು ಮೂವರು ಗೀತರಚನೆಕಾರರ ಹೆಸರು ಒಟ್ಟಿಗೇ ಇದ್ದರೆ, ಯಾವುದು ಯಾರದು ಅಂತ ಹೊದಿಕೆಯಿಂದಲೇ ತಿಳಿಯಬೇಕು.

ಯಾವ ಪ್ರತಿ ಹಾಕುತ್ತೀರಿ?

ಒಂದೇ ಹಾಡಿಗೆ ಹತ್ತಾರು ಪ್ರತಿ ಸಿಗುತ್ತವೆ. ಕಳಿಸುವ ಮುಂಚೆ ಎರಡು ಮೂರನ್ನಾದರೂ ಕೇಳಿ ನೋಡಿ. ಹಳೆಯ ಟೇಪಿನಿಂದ ಇಳಿಸಿದ ಪ್ರತಿ ಓಡುವ ವೇಗ ತಪ್ಪಿದ್ದರೆ ಶ್ರುತಿಯೂ ತಪ್ಪುತ್ತದೆ. ವೇಗ ನೂರಕ್ಕೆ 6ರಷ್ಟು ಹೆಚ್ಚಾದರೆ ಸಾಕು, ಇಡೀ ಹಾಡು ಅರ್ಧ ಸ್ವರ ಮೇಲೆ ಹೋಗುತ್ತದೆ. ಗಾಯಕರ ದನಿ ತೆಳ್ಳಗಾಗಿ, ಅವರ ದನಿಯೇ ಅಲ್ಲವೇನೋ ಅನ್ನಿಸುತ್ತದೆ. ಹಾಡಿನ ಮೇಲೆ ಹೊಸದಾಗಿ ಡ್ರಮ್ಮು, ಎಕೋ ಸೇರಿಸಿದ ಪ್ರತಿಗಳನ್ನು ದಯವಿಟ್ಟು ಬಿಟ್ಟುಬಿಡಿ. ಮೂಲದಲ್ಲಿ ತಬಲಾ ಎಷ್ಟು ಮೆತ್ತಗೆ ಇದೆ ಅನ್ನುವುದೇ ಅಲ್ಲಿ ಮುಚ್ಚಿಹೋಗಿರುತ್ತದೆ.

ಸಿನಿಮಾದಲ್ಲಿರುವ ಹಾಡೂ ರೆಕಾರ್ಡಿನ ಹಾಡೂ ಯಾವಾಗಲೂ ಒಂದೇ ಅಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ, ಹತ್ತು ಇಂಚಿನ ರೆಕಾರ್ಡಿನ ಒಂದು ಬದಿಯಲ್ಲಿ ಸುಮಾರು 3 ನಿಮಿಷ ಮಾತ್ರ ಹಿಡಿಯುತ್ತಿತ್ತು. ಅದಕ್ಕೇ ಆ ಕಾಲದ ಎಷ್ಟೋ ಹಾಡುಗಳು 3 ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತವೆ. ಉದ್ದದ ಹಾಡಿದ್ದರೆ ಒಂದು ಚರಣ ಬಿಡಬೇಕಿತ್ತು, ಇಲ್ಲವೇ ಎರಡು ಬದಿಗೆ ಹಂಚಬೇಕಿತ್ತು. ಹಾಗಾಗಿ "ಇನ್ನೊಂದು ಚರಣ ಇದೆಯಲ್ಲ, ನಾನು ಕೇಳಿದ್ದೇನೆ" ಅಂತ ಹಿರಿಯರು ಯಾರಾದರೂ ಅಂದರೆ ವಾದ ಮಾಡಬೇಡಿ. ಚಿತ್ರವನ್ನು ತೆಗೆದು ನೋಡಿ.

ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೆಳಗಿನ ಸ್ವರಗಳು ಕೇಳುವುದೇ ಇಲ್ಲ. ಒಂದು ಸಾಧಾರಣ ಸ್ಪೀಕರ್ ಆದರೂ ಇರಲಿ. 1950, 60ರ ದಶಕದ ನಮ್ಮ ಹಾಡುಗಳು ಮೋನೋದಲ್ಲಿ, ಅಂದರೆ ಎರಡೂ ಕಡೆ ಒಂದೇ ದನಿ ಬರುವ ಹಾಗೆ, ಇರುವುದರಿಂದ ಒಂದೇ ಸ್ಪೀಕರ್ ನಡುವೆ ಇಟ್ಟರೂ ಏನೂ ಕಳೆದುಹೋಗುವುದಿಲ್ಲ. ಇಬ್ಬರು ಒಂದೇ ಇಯರ್‌ಫೋನನ್ನು ಹಂಚಿಕೊಂಡರೂ ಪರವಾಗಿಲ್ಲ. ಸ್ಟೀರಿಯೊ ಹಾಡಾದರೆ ಮಾತ್ರ ಹಾಗೆ ಮಾಡಬೇಡಿ. ಒಬ್ಬರಿಗೆ ಗಿಟಾರ್, ಇನ್ನೊಬ್ಬರಿಗೆ ಪಿಟೀಲು ಮಾತ್ರ ಕೇಳಿಸಬಹುದು.

ಹಳೆಯದು, ಹೊಸದು ಅನ್ನುವ ಜಗಳ

"ಆ ಕಾಲದ ಹಾಡೇ ಹಾಡು, ಈಗಿನದ್ದೆಲ್ಲ ಗದ್ದಲ." ಈ ಮಾತು ಬಂದ ಕೂಡಲೇ ಕೋಣೆಯಲ್ಲಿರುವ ಚಿಕ್ಕವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ದೊಡ್ಡವರು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳಬೇಕು, ಅಷ್ಟೇ. ಆ ಕಾಲದಲ್ಲೂ ಸಪ್ಪೆ ಹಾಡುಗಳು ಬೇಕಾದಷ್ಟು ಬಂದಿದ್ದವು. ಅವನ್ನು ಜನ ಮರೆತಿದ್ದಾರೆ, ಚೆನ್ನಾಗಿದ್ದವು ಉಳಿದಿವೆ.

ಇದರ ಬದಲು ಒಂದು ಧಾಟಿಯ ಪ್ರಯಾಣವನ್ನು ತೋರಿಸಿ. 'ಗೀತಾ' (1981) ಚಿತ್ರದ "ಜೊತೆಯಲಿ ಜೊತೆ ಜೊತೆಯಲಿ" ಹಾಕಿ. ಇಳಯರಾಜ ಸಂಗೀತ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ. ಅದೇ ಧಾಟಿಯನ್ನು ಇಳಯರಾಜ 1984ರಲ್ಲಿ ತಮಿಳಿನ 'ನೂರಾವದು ನಾಳ್' ಚಿತ್ರಕ್ಕೆ ಬಳಸಿದರು. 2007ರಲ್ಲಿ ಹಿಂದಿಯ 'ಚೀನಿ ಕಮ್' ಚಿತ್ರದಲ್ಲಿ ಶ್ರೇಯಾ ಘೋಷಾಲ್ ದನಿಯಲ್ಲಿ ಅದು ಮತ್ತೆ ಬಂತು. ಹಿಂದಿ ಹಾಡು ಗೊತ್ತಿದ್ದ ನನ್ನ ಅಣ್ಣನ ಮಗಳು ಕನ್ನಡದ್ದನ್ನು ಕೇಳಿ ಎದ್ದೇ ನಿಂತಳು. "ಇದು ನಮ್ಮದಾ ಅತ್ತೆ?" ಅಂತ ಕೇಳಿದಳು. ಆಮೇಲೆ ಮೂರನ್ನೂ ಸಾಲಾಗಿ ಹಾಕಿಸಿ, ಯಾವುದರಲ್ಲಿ ಏನು ಬದಲಾಗಿದೆ ಅಂತ ಹೇಳಿದವಳು ಅವಳೇ.

ನೆನಪು ಬಂದಾಗ

ಹಳೆಯ ಹಾಡು ಕೇಳುವಾಗ ಯಾರಿಗಾದರೂ ತೀರಿಹೋದವರ ನೆನಪು ಬರಬಹುದು. ಆಗ ರಾಗ, ತಾಳ, ವರ್ಷ ಎಲ್ಲ ಪಕ್ಕಕ್ಕಿಡಿ. "ಆಗ ನೀವು ಎಲ್ಲಿದ್ದಿರಿ?" ಅಂತ ಒಂದೇ ಪ್ರಶ್ನೆ ಕೇಳಿ, ಅವರು ಮಾತಾಡಲಿ. ನಮ್ಮ ದೊಡ್ಡಮ್ಮನಿಗೆ ಎಷ್ಟೋ ಹಾಡು ಬಾಯಿಪಾಠ, ಆದರೆ ಮಾತುಗಳು ಅಲ್ಲಲ್ಲಿ ಬೇರೆ. ಪಕ್ಕದ ಮನೆಯ ರೇಡಿಯೊ ಗೋಡೆಯಾಚೆಯಿಂದ ಕೇಳಿ ಕಲಿತದ್ದು. ಅವರು ಹಾಡುವಾಗ ನಾವು ಯಾರೂ ತಿದ್ದುವುದಿಲ್ಲ. ಆ ಗೋಡೆಯ ಕಥೆ ಹೇಳಿಸಿಕೊಳ್ಳುತ್ತೇವೆ.

ಅರ್ಧ ನೆನಪಿರುವ ಹಾಡನ್ನು ಹುಡುಕುವುದು

ಪ್ರತಿ ಕೂಟದಲ್ಲೂ ಒಬ್ಬರಾದರೂ ಇಂಥ ಹಾಡು ತರುತ್ತಾರೆ: "ಮಾತು ಮರೆತಿದೆ, ಧಾಟಿ ಮಾತ್ರ ಇದೆ." ಇದನ್ನು ಎಲ್ಲರೂ ಸೇರಿ ಹುಡುಕುವುದು ನನಗೆ ಹಾಡು ಕೇಳುವಷ್ಟೇ ಖುಷಿ ಕೊಡುತ್ತದೆ.

ಮೊದಲು ಅವರಿಂದ ಗುನುಗಿಸಿ. ಫೋನಿನಲ್ಲೂ ಗುನುಗಿ ನೋಡಬಹುದು. ಗೂಗಲ್‌ನಲ್ಲಿ ಈ ಸೌಲಭ್ಯ 2020ರಲ್ಲಿ ಬಂತು. ಹತ್ತು ಹದಿನೈದು ಸೆಕೆಂಡು ಪಲ್ಲವಿಯನ್ನೇ ಗುನುಗಬೇಕು. ಹೆಚ್ಚು ಜನ ಕೇಳದ ಹಾಡಾದರೆ ಫೋನಿಗಿಂತ ಹಿರಿಯ ಕೇಳುಗರೊಬ್ಬರ ಕಿವಿ ಬೇಗ ಹಿಡಿಯುತ್ತದೆ.

ಸಿಗದಿದ್ದರೆ ದನಿಯಿಂದ ಕಾಲವನ್ನು ಕಟ್ಟಿಹಾಕಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿ ಅಂತ ನೆನಪಿದ್ದರೆ 1967ಕ್ಕಿಂತ ಹಿಂದೆ ಹೋಗಬೇಕಿಲ್ಲ. ಅವರು ಕನ್ನಡದಲ್ಲಿ ಹಾಡಲು ಶುರು ಮಾಡಿದ್ದೇ ಆ ವರ್ಷದ 'ನಕ್ಕರೆ ಅದೇ ಸ್ವರ್ಗ' ಚಿತ್ರದಿಂದ. ಚಿತ್ರಾ ಅವರ ದನಿಯಾದರೆ 1980ರ ದಶಕದಿಂದ ಈಚೆಗೆ ಹುಡುಕಿ. ರಾಜ್‌ಕುಮಾರ್ ಚಿತ್ರದ ಹಾಡು ಅಂದರೆ, ಹಾಡಿದ್ದು ಅವರೇನಾ, ಪಿ.ಬಿ. ಶ್ರೀನಿವಾಸ್ ಅವರಾ ಅಂತ ಕೇಳಿ. 'ಸಂಪತ್ತಿಗೆ ಸವಾಲ್' (1974) ಚಿತ್ರದ "ಯಾರೇ ಕೂಗಾಡಲಿ" ಆದ ಮೇಲೆಯೇ ರಾಜ್‌ಕುಮಾರ್ ತಮ್ಮ ಚಿತ್ರಗಳಿಗೆ ತಾವೇ ಹೆಚ್ಚಾಗಿ ಹಾಡತೊಡಗಿದ್ದು. ಅದೇ 1974ರ 'ಎರಡು ಕನಸು' ಚಿತ್ರದಲ್ಲಿ ಅವರಿಗೆ ಹಾಡಿದವರು ಶ್ರೀನಿವಾಸ್. ಆ ಎರಡೂ ಚಿತ್ರಗಳ ಒಂದೊಂದು ಹಾಡನ್ನು ಹಾಕಿ ದನಿ ಗುರುತಿಸುವುದನ್ನು ಕಲಿತರೆ, ಹುಡುಕುವ ಚಿತ್ರಗಳ ಪಟ್ಟಿ ಎಷ್ಟೋ ಚಿಕ್ಕದಾಗುತ್ತದೆ.

ಆಮೇಲೆ ಉಳಿದ ಪ್ರಶ್ನೆಗಳು. ಒಬ್ಬರ ಹಾಡೋ, ಯುಗಳ ಗೀತೆಯೋ? ಕೋರಸ್ ಇತ್ತಾ? ಕೇಳಿದ್ದು ರೇಡಿಯೊದಲ್ಲೋ, ಪರದೆಯ ಮೇಲೆ ನೋಡಿದ್ದೋ? ನೋಡಿದ್ದಾದರೆ ಕಪ್ಪು ಬಿಳುಪೋ, ಬಣ್ಣವೋ? ಒಂದೇ ಒಂದು ಪದ ನೆನಪಿದ್ದರೂ ಅದನ್ನು ಬರೆದುಕೊಳ್ಳಿ, ತಪ್ಪಿರಬಹುದು ಅಂತ ಬಿಡಬೇಡಿ.

ಸಿಕ್ಕ ಕೂಡಲೇ ಚಿತ್ರದ ಹೆಸರು ಹೇಳಿಬಿಡಬೇಡಿ. ಶುರುವಿನ ವಾದ್ಯಸಂಗೀತವನ್ನು ಹಾಕಿ, ಕೇಳಿದವರೇ "ಇದೇ, ಇದೇ" ಅನ್ನಲಿ. ಮಾತು ಮುಗಿದ ಮೇಲೆ ಕೂಟದ ಪುಸ್ತಕದಲ್ಲಿ ಹಾಡಿನ ಮೊದಲ ಸಾಲು, ಚಿತ್ರ, ವರ್ಷ, ಹಾಡು ತಂದವರ ಹೆಸರು ಬರೆದಿಡಿ. ಪಕ್ಕದಲ್ಲಿ ಯಾವ ಜಾಗದ ಬಗ್ಗೆ ಮಾತಾಡಿದಿರಿ ಅನ್ನುವುದನ್ನೂ ಒಂದು ಸಾಲು ಸೇರಿಸಿ. ಬರಲಾಗದವರು ಮನೆಯಲ್ಲೇ ಆ ಹಾಡು ಹಾಕಿಕೊಂಡು ಆ ಜಾಗವನ್ನು ಹುಡುಕಿಕೊಳ್ಳುತ್ತಾರೆ.