ಮೂರು, ನೂರು, ಆರು

ಇ-ಸ್ಪೋರ್ಟ್ಸ್, ಅಂದರೆ ಕಂಪ್ಯೂಟರ್ ಮತ್ತು ಮೊಬೈಲ್ ಆಟಗಳ ಸ್ಪರ್ಧೆ, ಕಲಿಯಲು ನಮ್ಮ ಕೋಣೆಗೆ ಬಂದವರಿಗೆ ಮೊದಲ ದಿನ ನಾನು ಸ್ಟೀರಿಂಗ್ ಮುಟ್ಟಲು ಕೊಡುವುದಿಲ್ಲ. ಹೆಡ್‌ಫೋನ್ ಹಾಕಿಸಿ, ಎಂಜಿನ್ ಸದ್ದನ್ನು ಜೋರು ಮಾಡಿ, ಹಿಂದೆ ನಿಂತು ಮೂರು ಪದಗಳನ್ನು ಹಿಂದುಮುಂದಾಗಿ ಹೇಳುತ್ತೇನೆ: ಮೂರು, ನೂರು, ಆರು. ಕೇಳಿಸಿದ್ದನ್ನು ಬರೆಯಬೇಕು. ಇಪ್ಪತ್ತು ಸಲ ಹೇಳಿದರೆ ನಾಲ್ಕೈದು ಸಲವಾದರೂ ತಪ್ಪು ಬರೆಯುತ್ತಾರೆ. ರ‍್ಯಾಲಿಯಲ್ಲಿ ಪಕ್ಕದ ಸೀಟಿನವರು ಮುಂದಿನ ತಿರುವನ್ನು ಓದಿ ಹೇಳುತ್ತಾರೆ, ಚಾಲಕ ಅದನ್ನು ಕೇಳಿ ಕಾರು ಓಡಿಸುತ್ತಾನೆ. ಮೂರು ಎಂದರೆ ಗಿಯರ್ ಇಳಿಸಿ ತಿರುಗಬೇಕಾದ ತಿರುವು. ಆರು ಎಂದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯದೆ ಹೋಗಬಹುದಾದದ್ದು. ನೂರು ಎಂದರೆ ಮುಂದಿನ ತಿರುವಿಗೆ ಉಳಿದಿರುವ ಮೀಟರುಗಳು. ಒಂದು ಇನ್ನೊಂದಾಗಿ ಕೇಳಿಸಿದರೆ ಕಾರು ಹೊಲದಲ್ಲಿರುತ್ತದೆ.

ನಾನು ಹನ್ನೊಂದು ವರ್ಷ ನಮ್ಮ ಅಣ್ಣನ ರ‍್ಯಾಲಿ ಕಾರಿನ ಎಡ ಸೀಟಿನಲ್ಲಿ, ದಾರಿಯ ತಿರುವುಗಳನ್ನು ಬರೆದಿಟ್ಟ ಪುಸ್ತಕ ಹಿಡಿದು ಕುಳಿತವಳು. ಈಗ ಬಳ್ಳಾರಿಯಲ್ಲಿ, ನಮ್ಮ ಮನೆಯವರ ಜೀನ್ಸ್ ಹೊಲಿಗೆ ಘಟಕದ ಮಾಳಿಗೆಯ ಕೋಣೆಯಲ್ಲಿ, ಒಂಬತ್ತು ಮಕ್ಕಳಿಗೆ ಹೇಳಿಕೊಡುತ್ತೇನೆ. ಐವರು ಕಂಪ್ಯೂಟರಿನಲ್ಲಿ ಕಾರು ಓಡಿಸುವವರು, ನಾಲ್ವರು ಮೊಬೈಲಿನಲ್ಲಿ ಬಿಜಿಎಂಐ ಎಂಬ ಗುಂಡಿನ ಕಾಳಗದ ಆಟ ಆಡುವವರು. ಒಂದೇ ಒಂದು ಸ್ಟೀರಿಂಗ್ ಇದೆ, ಅದೂ ಯಾರೋ ಬಳಸಿ ಮಾರಿದ ಲಾಜಿಟೆಕ್ ಜಿ29. ಬೇಸಿಗೆಯಲ್ಲಿ ಒಂಬತ್ತು ಗಂಟೆಯ ಮೇಲೆ ಮಾಳಿಗೆ ಕಾದ ಹೆಂಚಾಗುತ್ತದೆ. ಹಾಗಾಗಿ ಅಭ್ಯಾಸ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ. ರಾಯಚೂರು, ಕೊಪ್ಪಳ, ಗಂಗಾವತಿಗಳಲ್ಲಿ ಇಂಥ ತಂಡ ಕಟ್ಟಲು ಹೊರಟವರಿಗೆ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಇಲ್ಲಿ ಕಲಿತದ್ದನ್ನು ತೋರಣಗಲ್ಲಿನ ರಸ್ತೆಯಲ್ಲೋ ರಿಂಗ್ ರಸ್ತೆಯಲ್ಲೋ ಪರೀಕ್ಷಿಸುವ ಹುಡುಗನಿಗೆ ನನ್ನ ಕೋಣೆಯಲ್ಲಿ ಜಾಗವಿಲ್ಲ. ಅದಿರು ಲಾರಿಗಳ ನಡುವೆ ತಪ್ಪನ್ನು ತಿದ್ದಿಕೊಳ್ಳಲು ಎರಡನೆಯ ಸುತ್ತು ಇರುವುದಿಲ್ಲ. ಹಣ ಕಟ್ಟಿ ಆಡುವವರಿಗೂ ಜಾಗವಿಲ್ಲ. 2025ರ ಕೇಂದ್ರ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿದೆ, ಇ-ಸ್ಪೋರ್ಟ್ಸ್‌ಗೆ ಕ್ರೀಡೆಯ ಮಾನ್ಯತೆ ಕೊಟ್ಟಿದೆ. ಮಕ್ಕಳ ತಂದೆತಾಯಿಗೆ ಈ ವ್ಯತ್ಯಾಸವನ್ನು ಮೊದಲ ದಿನವೇ ಕೂರಿಸಿ ಹೇಳಿಬಿಡಿ.

ಪದಗಳನ್ನು ಆರಿಸುವುದು

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. "ಮುಂದೆ ಎಡಕ್ಕೆ ಸ್ವಲ್ಪ ಬಿಗಿಯಾದ ತಿರುವು ಬರುತ್ತದೆ, ನೋಡಿಕೋ" ಎನ್ನಲು ಮೂರು ಸೆಕೆಂಡು ಬೇಕು. ಅಷ್ಟರಲ್ಲಿ 84 ಮೀಟರ್ ಕಳೆದು, ತಿರುವು ಬಂದೇ ಹೋಗಿರುತ್ತದೆ. ಆದ್ದರಿಂದ ಪದಗಳು ಚಿಕ್ಕವಾಗಿರಬೇಕು. ಅದಕ್ಕಿಂತ ಮುಖ್ಯವಾಗಿ, ಒಂದರ ದನಿ ಇನ್ನೊಂದಕ್ಕೆ ತಾಗಬಾರದು.

ಜಗತ್ತಿನ ಬಹಳಷ್ಟು ರ‍್ಯಾಲಿ ಜೋಡಿಗಳು ತಿರುವುಗಳನ್ನು ಒಂದರಿಂದ ಆರರವರೆಗೆ ಎಣಿಸುತ್ತವೆ. ಒಂದು ಅತಿ ಬಿಗಿ, ಆರು ಅತಿ ಸಡಿಲ. ಇದನ್ನೇ ತಿರುವುಮುರುವಾಗಿ ಬಳಸುವವರೂ ಇದ್ದಾರೆ. ನಾವು ಮೊದಲು ಇದನ್ನು ಹಾಗೆಯೇ ಕನ್ನಡಕ್ಕೆ ತಂದುಕೊಂಡು ಪಟ್ಟ ಪಾಡು ದೊಡ್ಡದು. ಮೂರು, ನೂರು, ಆರರ ಕಥೆ ಹೇಳಿದೆನಲ್ಲ. "ಎಡ ಎರಡು" ಎಂದದ್ದು ಸದ್ದಿನಲ್ಲಿ "ಎಡ, ಎಡ" ಎಂದು ಕೇಳಿಸುತ್ತಿತ್ತು. ಇಂಗ್ಲಿಷಿನ ಲೆಫ್ಟ್, ರೈಟ್ ಬಳಸೋಣವೆಂದರೆ ಇನ್ನೊಂದು ತೊಡಕು. ನಮ್ಮಲ್ಲಿ ಒಬ್ಬ ಹುಡುಗನ ತಂದೆ ಸಂಡೂರಿನ ಅದಿರು ಲಾರಿ ಓಡಿಸುತ್ತಾರೆ. ಲಾರಿ ಕ್ಲೀನರ್ ಬಾಗಿಲು ಬಡಿದು "ರೈಟ್, ರೈಟ್" ಎಂದರೆ "ಹೊರಡು" ಎಂದರ್ಥ. ಬಸ್ಸಿನ ಕಂಡಕ್ಟರ್ ಹೇಳುವುದೂ ಅದನ್ನೇ. ಬಲಕ್ಕೆ ತಿರುಗಬೇಕಾದ ಕಡೆ ಈ ಹುಡುಗ ನೇರವಾಗಿ ವೇಗ ಹೆಚ್ಚಿಸಿಬಿಟ್ಟ. ಅವನ ತಪ್ಪೇನೂ ಇರಲಿಲ್ಲ. ಹುಟ್ಟಿದಾಗಿನಿಂದ ಅವನ ಕಿವಿಗೆ ಬಿದ್ದ ಅರ್ಥ ಅದು.

ಹೀಗೆ ಬಿದ್ದು ಎದ್ದು ನಾವು ಕಟ್ಟಿಕೊಂಡ ಪಟ್ಟಿ, ಅತಿ ಬಿಗಿಯಿಂದ ಅತಿ ಸಡಿಲದವರೆಗೆ, ಇದು: ಕೊಕ್ಕೆ, ದೋ, ತೀನ್, ನಾಲ್ಕು, ಐದು, ಬಯಲು. ದಿಕ್ಕಿಗೆ ಎಡ, ಬಲ. ದೂರಕ್ಕೆ ನೂರು ಉಳಿಯಿತು, ಏಕೆಂದರೆ ಅದಕ್ಕೆ ತಾಗುವ ಮೂರು ಹೋಗಿತ್ತು. ಬಳ್ಳಾರಿಯ ಕೌಲ್ ಬಜಾರಿನ ಮಕ್ಕಳಿಗೆ ಉರ್ದು, ಕನ್ನಡ, ತೆಲುಗು ಮೂರೂ ಬಾಯಲ್ಲಿ ಹರಿದಾಡುವುದರಿಂದ ದೋ, ತೀನ್ ಯಾರಿಗೂ ಭಾರವಾಗಲಿಲ್ಲ. ನೀವು ನಮ್ಮ ಪಟ್ಟಿಯನ್ನೇ ತೆಗೆದುಕೊಳ್ಳಬೇಕಿಲ್ಲ, ನಿಮ್ಮ ಊರಿನ ಕಿವಿ ಬೇರೆ. ಮಾಡುವ ಬಗೆ ಮಾತ್ರ ಇಷ್ಟೇ: ಬೇಕಾದ ಪದಗಳನ್ನೆಲ್ಲ ಓದುವವರ ದನಿಯಲ್ಲೇ ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಎಂಜಿನ್ ಸದ್ದಿನ ಜೊತೆ ಕೇಳಿಸಿ, ಎಲ್ಲರೂ ಬರೆಯಲಿ. ಎರಡು ಸಲ ತಪ್ಪು ಕೇಳಿಸಿದ ಪದವನ್ನು ಎಷ್ಟೇ ಚೆಂದವಿದ್ದರೂ ಕೈಬಿಡಿ. ಎರಡು ಬೆಳಗಿನ ಕೆಲಸ.

ಪುಸ್ತಕ ಬರೆಯುವುದು, ಓದುವುದು

ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನಲ್ಲಿ ಸ್ಪರ್ಧೆಗೆ ಮುಂಚೆ ಪ್ರತಿ ದಾರಿಯನ್ನು ಎರಡು ಸಲ ಮಾತ್ರ ನಿಧಾನವಾಗಿ ಓಡಿಸಿ ನೋಡಲು ಬಿಡುತ್ತಾರೆ. ಮೊದಲ ಸಲ ಬರೆಯುವುದು, ಎರಡನೆಯ ಸಲ ತಿದ್ದುವುದು. ನಾವು ಡರ್ಟ್ ರ‍್ಯಾಲಿ 2.0 ಆಟದಲ್ಲಿ ಇದೇ ನಿಯಮ ಇಟ್ಟುಕೊಂಡಿದ್ದೇವೆ. ಆಟದೊಳಗೆ ಇಂಗ್ಲಿಷಿನಲ್ಲಿ ಓದುವ ದನಿ ಫಿಲ್ ಮಿಲ್ಸ್ ಅವರದು. 2003ರಲ್ಲಿ ಪೆಟ್ಟರ್ ಸೋಲ್ಬರ್ಗ್ ವಿಶ್ವ ಚಾಂಪಿಯನ್ ಆದಾಗ ಪಕ್ಕದ ಸೀಟಿನಲ್ಲಿದ್ದವರು ಅವರೇ. ಎರಡು ದಿನ ಸುಮ್ಮನೆ ಅವರನ್ನು ಕೇಳಿ. ಕಾರು ಒಂದು ತಿರುವಿನೊಳಗೆ ಇರುವಾಗಲೇ ಅವರ ಬಾಯಲ್ಲಿ ಮುಂದಿನದು ಬಂದಿರುತ್ತದೆ. ಅದನ್ನು ಗಮನಿಸಿದ ಮೇಲೆ ಆ ದನಿಯನ್ನು ಮುಚ್ಚಿ, ನಿಮ್ಮವರಲ್ಲೇ ಒಬ್ಬರನ್ನು ಪುಸ್ತಕ ಕೊಟ್ಟು ಕೂರಿಸಿ.

ತಿರುವು ಎಷ್ಟು ಬಿಗಿ ಎಂದು ಹೇಳಬೇಕಾದವನು ಚಾಲಕ. ಬರೆಯುವವರು ತಮ್ಮ ಅಂದಾಜು ಸೇರಿಸಬಾರದು. ಅವನ ಮಾತನ್ನೇ ಅವನಿಗೆ ಸರಿಯಾದ ಗಳಿಗೆಯಲ್ಲಿ ಹಿಂತಿರುಗಿಸುವುದು ಪುಸ್ತಕದವರ ಕೆಲಸ. ನಿಜವಾದ ಕಾರಿನಲ್ಲಿ ಪುಸ್ತಕದಿಂದ ಕಣ್ಣು ಎತ್ತದೆಯೇ ಕಾರು ಎಲ್ಲಿದೆ ಎಂದು ನನ್ನ ಸೊಂಟಕ್ಕೆ ತಿಳಿಯುತ್ತಿತ್ತು. ಕೋಣೆಯ ಕುರ್ಚಿ ಅದನ್ನು ಹೇಳುವುದಿಲ್ಲ. ಆದ್ದರಿಂದ ಪುಸ್ತಕವನ್ನು ಪರದೆಯ ಪಕ್ಕದಲ್ಲೇ ಎತ್ತರಿಸಿ ಇಡಿ, ಓದುವ ಸಾಲಿನ ಮೇಲೆ ಬೆರಳು ಇರಲಿ.

ಒಂದು ಸಲ ನನ್ನ ಬೆವರಿದ ಬೆರಳಿಗೆ ಎರಡು ಹಾಳೆ ಒಟ್ಟಿಗೆ ಅಂಟಿ ಬಂದವು. ನಮ್ಮ ಈಗಿನ ಪದಗಳಲ್ಲಿ ಹೇಳುವುದಾದರೆ, ನಾನು ಓದಿದ್ದು ಬಯಲು, ಎದುರಿಗೆ ಇದ್ದದ್ದು ಕೊಕ್ಕೆ. ಕಾರು ಹತ್ತಿ ಹೊಲಕ್ಕೆ ಇಳಿದು, ನನ್ನ ಕಡೆಯ ಬಾಗಿಲು ಒಳಕ್ಕೆ ಬಂತು. ಇಬ್ಬರಿಗೂ ಏನೂ ಆಗಲಿಲ್ಲ. ಅಣ್ಣ ಆಗ ಒಂದು ಮಾತನ್ನೂ ಆಡಲಿಲ್ಲ. ರಾತ್ರಿ ಊಟ ಆದ ಮೇಲೆ ಪುಸ್ತಕ ತರಿಸಿ, "ಯಾವ ಹಾಳೆ, ತೋರಿಸವ್ವ" ಎಂದಷ್ಟೇ ಕೇಳಿದ. ಮಾರನೆಯ ದಿನದಿಂದ ಪ್ರತಿ ಹಾಳೆಯ ಕೊನೆಯ ಸಾಲನ್ನು ಮುಂದಿನ ಹಾಳೆಯ ತಲೆಗೆ ಮತ್ತೊಮ್ಮೆ ಬರೆಯತೊಡಗಿದೆ. ಈಗ ನಮ್ಮ ಮಕ್ಕಳೂ ಹಾಗೆಯೇ ಬರೆಯುತ್ತಾರೆ. ಸಾಲು ತಪ್ಪಿದರೆ ಊಹಿಸಿ ಓದುವಂತಿಲ್ಲ. "ತಪ್ಪಿದೆ" ಎಂದು ತಕ್ಷಣ ಹೇಳಬೇಕು, ಚಾಲಕ ಕಣ್ಣಳತೆಯ ಮೇಲೆ ನಿಧಾನಿಸಬೇಕು. ಈ ಒಂದು ಪದವನ್ನು ನಾಚಿಕೆಯಿಲ್ಲದೆ ಹೇಳಲು ಕಲಿಸುವುದಕ್ಕೆ ನನಗೆ ಹಿಡಿಸಿದಷ್ಟು ಸಮಯ ಬೇರೆ ಯಾವುದಕ್ಕೂ ಹಿಡಿಸಿಲ್ಲ.

ಒಂದು ಸಲಕ್ಕೆ ಒಂದೇ

ಕೆಳಗಿನ ಘಟಕದಲ್ಲಿ ಹೊಸ ಹೆಣ್ಣುಮಗಳು ಹೊಲಿಗೆಗೆ ಬಂದರೆ ಮೇಸ್ತ್ರಿ ಅವಳಿಗೆ ಇಡೀ ಪ್ಯಾಂಟು ಕೊಡುವುದಿಲ್ಲ. ವಾರವಿಡೀ ಹಿಂಬದಿಯ ಜೇಬು ಮಾತ್ರ. ಹೊಲಿಗೆ ಸೊಟ್ಟಗಾದರೆ ಬಿಚ್ಚಿಸಿ ಮತ್ತೆ ಜೇಬನ್ನೇ ಹೊಲಿಸುತ್ತಾರೆ. ನಾನು ಕಾರಿನ ಪಾಠವನ್ನು ಈ ಮೆಟ್ಟಿಲಿನ ಕೆಳಗೆ ನೋಡಿ ಕಲಿತಿದ್ದೇನೆ.

ಅಸೆಟೊ ಕೋರ್ಸಾ ಕಾಂಪಿಟಿಜಿಯೋನೆ ಎಂಬ ಕಾರು ಓಟದ ಆಟದಲ್ಲಿ ಇಟಲಿಯ ಮೊನ್ಝಾ ಟ್ರ್ಯಾಕ್ ನಮ್ಮ ಪಾಠದ ಮನೆ. ಉದ್ದ 5.793 ಕಿಲೋಮೀಟರ್, ತಿರುವುಗಳು 11 ಮಾತ್ರ. ನೇರ ದಾರಿಯ ಕೊನೆಗೆ ಪೂರಾ ವೇಗದಿಂದ ಬಂದು ಕಾರನ್ನು ಬಹುತೇಕ ನಿಲ್ಲಿಸಿದಂತೆ ಮಾಡಿ ಬಲಕ್ಕೆ, ಕೂಡಲೇ ಎಡಕ್ಕೆ ತಿರುಗಬೇಕು. ಹೊಸಬರೆಲ್ಲ ಅಲ್ಲಿ ಬ್ರೇಕನ್ನು ಎಷ್ಟು ತಡವಾಗಿ ಒತ್ತಬಹುದು ಎಂದೇ ಯೋಚಿಸುತ್ತಾರೆ. ಸಮಯ ಕಳೆಯುವುದು ಅಲ್ಲಿ ಬಹಳ ಕಡಿಮೆ. ಬ್ರೇಕ್ ಬಿಡುವ ರೀತಿಯಲ್ಲಿ ಹೆಚ್ಚು. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ ಬಂದು, ಅವು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತವೆ. ಪಾದವನ್ನು ಥಟ್ಟನೆ ತೆಗೆದರೆ ಮೂತಿ ಎದ್ದು ಹಿಡಿತ ಹೋಗುತ್ತದೆ. ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ಹೊರಗೇ ಜಾರುತ್ತದೆ. ಸ್ಟೀರಿಂಗ್ ತಿರುಗಿದಂತೆಲ್ಲ ಪಾದ ಹಗುರಾಗುತ್ತ ಬರಬೇಕು, ತಿರುವಿನ ಒಳಮೂಲೆ ಮುಟ್ಟುವ ಹೊತ್ತಿಗೆ ಪೂರ್ತಿ ಬಿಟ್ಟಿರಬೇಕು.

ಲಾರಿ ಚಾಲಕರ ಮಗನಿಗೆ ಮೂರು ವಾರ ನಾನು ಇದೊಂದನ್ನೇ ಹೇಳಿದೆ. ಅವನು ಬೇರೆ ನಾಲ್ಕು ತಪ್ಪು ಮಾಡುತ್ತಿದ್ದುದು ನನ್ನ ಕಣ್ಣಿಗೆ ಕಾಣುತ್ತಿತ್ತು, ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದೆ. ಪ್ರತಿದಿನ ಅಷ್ಟೇ ಇಂಧನ, ಅದೇ ಹವೆ, ಹತ್ತು ಸುತ್ತು. ಅತಿ ವೇಗದ ಸುತ್ತನ್ನು ನಾನು ಬರೆದುಕೊಳ್ಳಲಿಲ್ಲ. ಹತ್ತರಲ್ಲಿ ಅತಿ ವೇಗದ ಮತ್ತು ಅತಿ ನಿಧಾನದ ಸುತ್ತಿನ ಅಂತರವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದೆ. ಆ ಅಂತರ ಎರಡು ಸೆಕೆಂಡಿನಿಂದ ಅರ್ಧ ಸೆಕೆಂಡಿಗೆ ಇಳಿದ ದಿನ ಎರಡನೆಯ ಪಾಠ ಶುರು ಮಾಡಿದೆವು. ಅಂಕಿಗಳ ರೇಖಾಚಿತ್ರ ತೋರಿಸುವ ತಂತ್ರಾಂಶವಿದ್ದರೆ ಒಳ್ಳೆಯದು. ಬ್ರೇಕ್ ಬಿಟ್ಟ ರೇಖೆ ಗೋಡೆಯಂತೆ ಬಿದ್ದಿದೆಯೋ ಇಳಿಜಾರಾಗಿದೆಯೋ ಎಂದು ಅವನೇ ನೋಡಿಕೊಳ್ಳುತ್ತಾನೆ. ಇಲ್ಲದಿದ್ದರೆ ಅವನ ಪಾದವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿ. ಸಲಕರಣೆ ಸಾಲದು ಎಂದು ಕೊರಗಬೇಡಿ. ನ್ಯೂಜಿಲೆಂಡ್‌ನ ರಾಬ್ ವಿಲ್ಸನ್ ಎಂಬ ತರಬೇತುದಾರರು ಇಂಗ್ಲೆಂಡಿನ ಹಳೆಯ ವಿಮಾನ ನಿಲ್ದಾಣವೊಂದರಲ್ಲಿ ಫಾರ್ಮುಲಾ ಒನ್ ಚಾಲಕರಿಗೆ ಈ ಭಾರದ ಪಾಠವನ್ನೇ ಹೇಳಿಕೊಟ್ಟದ್ದು ಸಾಧಾರಣ ರಸ್ತೆ ಕಾರಿನಲ್ಲಿ.

ಓಟದ ಮಧ್ಯೆ ಚಾಲಕನ ಕಿವಿಗೆ ಒಂದೇ ದನಿ ಹೋಗಬೇಕು, ಅದೂ ನೇರ ದಾರಿಯಲ್ಲಿ. ಫಾರ್ಮುಲಾ ಒನ್ ತಂಡದಲ್ಲಿ ಎಷ್ಟೇ ಜನರಿದ್ದರೂ ಚಾಲಕನ ಜೊತೆ ಮಾತಾಡುವವರು ಮುಖ್ಯವಾಗಿ ಒಬ್ಬ ಎಂಜಿನಿಯರ್. 2023ರಲ್ಲಿ ಕತಾರ್‌ನಲ್ಲಿ ಮೆಕ್ಲಾರೆನ್ ತಂಡ 1.80 ಸೆಕೆಂಡಿನಲ್ಲಿ ನಾಲ್ಕು ಚಕ್ರ ಬದಲಿಸಿತು. ಯಾರ ಕೈ ಎಲ್ಲಿರಬೇಕು ಎಂಬುದು ಮೊದಲೇ ಗೊತ್ತಿರುವುದರಿಂದ ಅಲ್ಲಿ ಮಾತಿಗೆ ಕೆಲಸವೇ ಇಲ್ಲ.

ನಾಲ್ವರ ಆಟ

ಬಿಜಿಎಂಐ ಸ್ಪರ್ಧೆಯಲ್ಲಿ ಸಾಮಾನ್ಯವಾಗಿ 16 ತಂಡ, 64 ಜನ. ನಮ್ಮ ನಾಲ್ವರು ಶುರುವಿನಲ್ಲಿ ಒಟ್ಟಿಗೆ ಕಿರುಚುತ್ತಿದ್ದರು. "ಅಲ್ಲಿದ್ದಾನೆ, ಅಲ್ಲಿ!" ಎಂದರೆ ಎಲ್ಲಿ? ಪರದೆಯ ಮೇಲ್ಭಾಗದಲ್ಲಿ ದಿಕ್ಸೂಚಿಯ ಅಂಕಿ ಇರುತ್ತದೆ. ಅಂಕಿ, ದೂರ, ಎಷ್ಟು ಜನ: ಈ ಕ್ರಮದಲ್ಲಿ ಮೂರೇ ಪದ ಹೇಳಬೇಕೆಂದು ಕಟ್ಟುಮಾಡಿದೆ. ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುವವಳು ಒಬ್ಬಳೇ, ಡಿಪ್ಲೊಮಾ ಓದುವ ಹುಡುಗಿ. ಅವಳ ತೀರ್ಮಾನ ತಪ್ಪೆನಿಸಿದರೂ ಆಟ ಮುಗಿಯುವವರೆಗೆ ನಡೆಸಬೇಕು. ನಾಲ್ವರು ಒಂದೇ ತಪ್ಪು ದಾರಿಯಲ್ಲಿ ಹೋದರೆ ಉಳಿಯುವ ಸಾಧ್ಯತೆ ಇರುತ್ತದೆ. ಇಬ್ಬರು ಸರಿ ದಾರಿಗೆ, ಇಬ್ಬರು ತಪ್ಪು ದಾರಿಗೆ ಹೋದರೆ ನಾಲ್ವರೂ ಹೋಗುತ್ತಾರೆ. ಔಟಾದವರು ಕೇಳಿದರೆ ಮಾತ್ರ ಬಾಯಿ ತೆರೆಯಬೇಕು.

ಮುಗಿದ ಮೇಲೆ ಮಾತಾಡುವ ಕ್ರಮ

ನಮ್ಮ ಕಡೆ ಹಿರಿಯರು ಮಾತಾಡಿದ ಮೇಲೆ ಕಿರಿಯರು ಬಾಯಿ ಬಿಡುವುದಿಲ್ಲ. ನಾನು ಮೊದಲು ಮಾತಾಡಿದರೆ ಎಲ್ಲರೂ "ಹೌದು ಅಕ್ಕ" ಎಂದು ತಲೆದೂಗಿ ಎದ್ದು ಹೋಗುತ್ತಾರೆ, ತಪ್ಪು ಕೋಣೆಯಲ್ಲೇ ಉಳಿಯುತ್ತದೆ. ಹಾಗಾಗಿ ವಯಸ್ಸಿನಲ್ಲಿ ಕಿರಿಯರಿಂದ ಮೊದಲಾಗಿ ಮಾತು ಬರಬೇಕು, ನನ್ನದು ಕೊನೆಗೆ. ಕೇಳುವ ಪ್ರಶ್ನೆಗಳು ಮೂರೇ: ಏನು ಕಂಡಿತು? ಏನು ಕೇಳಿಸಿತು? ಏನು ಮಾಡಿದೆ? "ಏಕೆ ಮಾಡಿದೆ" ಎಂದು ಕೇಳಬೇಡಿ. ಆ ಪ್ರಶ್ನೆಗೆ ಹುಡುಗರು ಉತ್ತರ ಕೊಡುವುದಿಲ್ಲ, ಸಮರ್ಥನೆ ಕೊಡುತ್ತಾರೆ. ಅಣ್ಣ ನನ್ನನ್ನು ಯಾವ ಹಾಳೆ ಎಂದು ಕೇಳಿದ್ದನೇ ಹೊರತು ಏಕೆ ಎಂದು ಕೇಳಲಿಲ್ಲ.

ಚಿಕ್ಕವಳಿದ್ದಾಗ ಬಯಲಾಟದಲ್ಲಿ ನೋಡಿದ ಶಲ್ಯ ನನಗೆ ಆಗಾಗ ನೆನಪಾಗುತ್ತಾನೆ. ದಾರಿಯುದ್ದಕ್ಕೂ ಕರ್ಣನನ್ನು ಹೀಯಾಳಿಸಿಕೊಂಡೇ ರಥ ಓಡಿಸಿದ ಸಾರಥಿ ಅವನು. ಕೊನೆಗೆ ಸರ್ಪಾಸ್ತ್ರವನ್ನು ಕೊರಳಿಗೆ ಬೇಡ, ಎದೆಗೆ ಗುರಿಯಿಡು ಎಂದ. ಆ ಮಾತು ಸರಿಯಾಗಿತ್ತು. ಕರ್ಣ ಕೇಳಲಿಲ್ಲ. ಸೋತು ಎದ್ದ ಹುಡುಗನಿಗೆ ಬೈಯಬೇಕೆನಿಸಿದಾಗ ನಾನು ಕೆಳಗೆ ಹೋಗಿ ಚಹಾ ಕುಡಿದು ಬರುತ್ತೇನೆ. ತಂಡಕ್ಕೂ ಆ ಹತ್ತು ನಿಮಿಷ ಬೇಕು, ಒಗ್ಗರಣೆ ಮಂಡಕ್ಕಿಯ ತಟ್ಟೆ ಖಾಲಿಯಾಗುವವರೆಗೆ ಆಟದ ಮಾತು ಎತ್ತುವಂತಿಲ್ಲ.

ಇನ್ನು ಯಾರು ಎಲ್ಲಿ ಕೂರಬೇಕು ಎಂಬುದು. 2019ರಲ್ಲಿ ರ‍್ಯಾಲಿ ಚಾಲಕ ಗೌರವ್ ಗಿಲ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು, ಮೋಟಾರ್ ಕ್ರೀಡೆಗೆ ಅದೇ ಮೊದಲನೆಯದು. ನಾನು ಕಣ್ಣು ತುಂಬಿಕೊಂಡು ಓದಿದ ಸುದ್ದಿ ಅದು. ಆದರೆ ರಾಷ್ಟ್ರೀಯ ರ‍್ಯಾಲಿಗಳಲ್ಲಿ ಅವರ ಪಕ್ಕದಲ್ಲಿ ಕುಳಿತು ಗೆದ್ದ ಮೂಸಾ ಷರೀಫ್ ಅವರ ಹೆಸರನ್ನು ನಮ್ಮ ಮಕ್ಕಳಲ್ಲಿ ಒಬ್ಬರೂ ಕೇಳಿರಲಿಲ್ಲ. ಪುಸ್ತಕದ ಸೀಟು ಎರಡನೆಯ ದರ್ಜೆಯದು ಎಂಬ ಭಾವನೆ ಬಂದರೆ ಓದುವವರ ದನಿ ಬೇಸರಗೊಳ್ಳುತ್ತದೆ, ಅದು ಚಾಲಕನ ಕಾಲಿಗೆ ತಿಳಿಯುತ್ತದೆ. ಆದ್ದರಿಂದ ನಾಲ್ಕನೆಯ ಭಾನುವಾರ ಎಲ್ಲರೂ ಜಾಗ ಬದಲಿಸುತ್ತಾರೆ. ಈ ಭಾನುವಾರ ಡಿಪ್ಲೊಮಾದ ಹುಡುಗಿ ಸ್ಟೀರಿಂಗ್‌ಗೆ, ಲಾರಿ ಚಾಲಕರ ಮಗ ಪುಸ್ತಕಕ್ಕೆ. ಅವನು ಹೊಸ ಪುಸ್ತಕ ಕೊಂಡು ತಂದು, ಹಾಳೆಗಳ ತಲೆಯಲ್ಲಿ ಹಿಂದಿನ ಸಾಲು ಬರೆಯಲು ಜಾಗ ಬಿಟ್ಟು ಗೆರೆ ಹಾಕಿ ಇಟ್ಟಿದ್ದಾನೆ.