ಸೊಪ್ಪಿನ ಬೆಟ್ಟ ಬೋಳಾಗಿದೆಯಾ? ಗಿಡ ತರುವ ಮೊದಲು ಇದನ್ನು ಮಾಡಿ

ಜೂನ್ ಬಂತೆಂದರೆ ನರ್ಸರಿ ಮುಂದೆ ಜೀಪು ಸಾಲುಗಟ್ಟುತ್ತವೆ. ಸಸಿ ತಂದು ನೆಟ್ಟರೆ ಬೆಟ್ಟ ಮತ್ತೆ ಹಸಿರಾಗುತ್ತದೆ ಅಂತ ನಂಬಿಕೆ. ನನ್ನ ಅನುಭವದಲ್ಲಿ ನೆಡುವುದು ಕೊನೆಯ ಕೆಲಸ, ಅದೂ ಬೇಕಾದರೆ ಮಾತ್ರ.

ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ, ಕೆಳಗೆ 4 ಎಕರೆವರೆಗೆ ಕಾಡಿನ ಬೆಟ್ಟವನ್ನು ತೋಟಕ್ಕೆ ಸೊಪ್ಪು ತರಲೆಂದು ಸರ್ಕಾರ ಬಿಟ್ಟುಕೊಟ್ಟಿತ್ತು. ಅದೇ ಸೊಪ್ಪಿನ ಬೆಟ್ಟ. ಸೊಪ್ಪು, ದರಕು (ಉದುರಿದ ಒಣ ಎಲೆ) ನಮಗೆ. ಜಾಗ ಮಾತ್ರ ಸರ್ಕಾರದ್ದು. ಹಾಗಾಗಿ ಮರ ಕಡಿಯುವ ಮಾತು ಬಂದರೆ ಮೊದಲು ಅರಣ್ಯ ಇಲಾಖೆಗೆ ಹೋಗಿ ಕೇಳಿ.

ಮಳೆ ನಿಂತ ಮೇಲೆ, ಅಕ್ಟೋಬರಿನಲ್ಲಿ, ಒಂದು ಹೊರೆ ಕೋಲು ಹಿಡಿದು ಬೆಟ್ಟ ಹತ್ತಿ. ಬೆಟ್ಟ ಮುಚ್ಚಿಕೊಂಡಿರುವ ಯುಪಟೋರಿಯಂ ಕಳೆಯ ಪೊದೆಯನ್ನು ಕೈಯಿಂದ ಸರಿಸಿ ಬಗ್ಗಿ ನೋಡಿ. ಮತ್ತಿ, ಹೊನ್ನೆ, ನಂದಿ, ಕಿಂದಳ, ನೇರಳೆ, ಯಾವುದೋ ಒಂದು ಮರದ ಗೇಣುದ್ದದ ಹುಟ್ಟುಗಿಡ, ಅಂದರೆ ಬೀಜ ಬಿದ್ದು ತಾನಾಗಿ ಎದ್ದದ್ದು, ಕತ್ತಲಲ್ಲಿ ಬಿಳಿಚಿಕೊಂಡು ನಿಂತಿರುತ್ತದೆ. ಪಕ್ಕದಲ್ಲೇ ಒಂದು ಕೋಲು ಊರಿ, ತುದಿಗೆ ಬಟ್ಟೆ ಚೂರು ಕಟ್ಟಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಮೊದಲ ವರ್ಷ ನಾನು ಕೋಲು ಗೀಲು ಏನೂ ಇಲ್ಲದೆ ಕಳೆ ಕೊಚ್ಚುವ ಮಷಿನ್ ತರಿಸಿ ಎರಡೇ ದಿನದಲ್ಲಿ ಇಡೀ ಬೆಟ್ಟ ಸಪಾಟು ಮಾಡಿಸಿದ್ದೆ, ಸಂಜೆ ಖುಷಿಯಿಂದ ನೋಡಲು ಹೋದರೆ ಕಳೆ ರಾಶಿಯ ನಡುವೆ ಅಲ್ಲಲ್ಲಿ ಕೆಂಪು ರಸ ಒಸರುತ್ತಿದ್ದ ಬೆರಳು ದಪ್ಪದ ಬುಡಗಳು. ಎಲ್ಲ ಹೊನ್ನೆ! ಕೊಯ್ದರೆ ರಕ್ತದ ಹಾಗೆ ರಸ ಬಿಡುವ ಮರ ಅದು. ಮಷಿನ್ ಓಡಿಸುವವನಿಗೆ ಹೊನ್ನೆಯೂ ಒಂದೇ, ಕಳೆಯೂ ಒಂದೇ ಅಲ್ವಾ?

ಕೋಲು ಊರಿಯಾದ ಮೇಲೆ, ಯುಪಟೋರಿಯಂ ಹೂ ಬಿಡುವ ಮೊದಲೇ ಕತ್ತಿಯಿಂದ ಗಿಡದ ಸುತ್ತ ಒಂದು ಮಾರು ಜಾಗ ಬಿಡಿಸಿ. ಬೀಜ ಗಾಳಿಗೆ ಹಾರಿದ ಮೇಲೆ ಕಡಿದರೆ ಅರ್ಧ ಕೂಲಿ ದಂಡ. ಕಡಿದ ಸೊಪ್ಪನ್ನು ಗಿಡದ ಬುಡಕ್ಕೇ ಹಾಕಿ, ಬೇಸಿಗೆಗೆ ತಂಪು. ಎಳೆ ಮರಕ್ಕೆ ಬಳ್ಳಿ ಸುತ್ತಿದ್ದರೆ ಅದನ್ನೂ ಕತ್ತರಿಸಿ.

ಹಿಂದೆ ಕಡಿದ ಮರಗಳ ಹಳೇ ಬೊಡ್ಡೆಗಳನ್ನು ಮರೆಯಬೇಡಿ. ಮತ್ತಿಯ ಬೊಡ್ಡೆಯಲ್ಲಿ ಎಂಟು ಹತ್ತು ಚಿಗುರು ಒಟ್ಟಿಗೆ ಏಳುತ್ತವೆ, ಒಂದೂ ಮರವಾಗುವುದಿಲ್ಲ. ಸೊಂಟದೆತ್ತರ ಬಂದಾಗ ಎರಡು ಉಳಿಸಿ ಉಳಿದದ್ದು ಸವರಿ. ಎರಡು ಮೂರು ವರ್ಷದ ಮೇಲೆ ಎರಡರಲ್ಲಿ ಒಂದು. ಯಾವುದನ್ನು ಉಳಿಸಬೇಕು? ನೆಲಕ್ಕೆ ತಾಗಿ ಎದ್ದದ್ದನ್ನು. ಮೇಲಿನಿಂದ ಹೊರಟದ್ದು ಎಷ್ಟೇ ನೆಟ್ಟಗಿರಲಿ, ದೊಡ್ಡದಾದ ಮೇಲೆ ಒಂದು ಗಾಳಿಗೆ ಸಿಗಿದು ಬೀಳುತ್ತದೆ. ಅದರ ಕೆಳಗಿನ ಬೊಡ್ಡೆ ಕೊಳೆತು ಲಡ್ಡಾಗಿರುತ್ತದೆ. ಹಳೆಯ ಬೇರಿನ ಬಲ ಇರುವುದರಿಂದ ಈ ಚಿಗುರು ನೆಟ್ಟ ಸಸಿಗಿಂತ ಜೋರಾಗಿ ಮೇಲೇಳುತ್ತದೆ, ಅದೂ ಬಿಟ್ಟಿ.

ಇನ್ನು ಸೊಪ್ಪು ಕಡಿಯುವುದು. ಜಗಳ ಇರುವುದೇ ಇಲ್ಲಿ. ತುದಿವರೆಗೆ ಬೋಳಿಸಿದ ಮರ ಕಂಬದ ಹಾಗೆ ನಿಲ್ಲುತ್ತದೆ, ಹೂ ಬಿಡುವುದಿಲ್ಲ, ಬೀಜ ಬೀಳುವುದಿಲ್ಲ. ಮತ್ತೆ ಹುಟ್ಟುಗಿಡ ಎಲ್ಲಿಂದ ಬರಬೇಕು? ಬೆಟ್ಟವನ್ನು ಮೂರು ಪಾಲು ಮಾಡಿ, ವರ್ಷಕ್ಕೆ ಒಂದೇ ಪಾಲಿನಲ್ಲಿ ಕಡಿಯಿರಿ. ಮರದ ಮೇಲಿನ ಮೂರನೇ ಒಂದು ಭಾಗ ಮುಟ್ಟಬೇಡಿ. ಟೊಂಗೆಗೆ ಕೆಳಗಿನಿಂದ ಒಂದು ಕಚ್ಚು ಹಾಕಿ ಆಮೇಲೆ ಮೇಲಿನಿಂದ ಕಡಿದರೆ ತೊಗಟೆ ಸುಲಿದು ಬರುವುದಿಲ್ಲ. ಒಳ್ಳೆಯ ನಾಲ್ಕೈದು ಮರಗಳನ್ನು ಬೀಜಕ್ಕೆಂದೇ ಪೂರ್ತಿ ಬಿಡಿ. ದರಕು ಗುಡಿಸುವಾಗಲೂ ಇದೇ ಲೆಕ್ಕ: ರಜೆಯಲ್ಲಿರುವ ಪಾಲಿನಲ್ಲಿ ಎಲೆ ಅಲ್ಲೇ ಕೊಳೆಯಲಿ.

ಜನವರಿಯಲ್ಲಿ ಬೆಟ್ಟದ ಅಂಚಿಗೆ ಹತ್ತಡಿ ಅಗಲ ಕೆರೆದು, ಬೆಂಕಿ ಒಳಗೆ ದಾಟದ ಹಾಗೆ ಬೆಂಕಿ ದಾರಿ ಬಿಡಿಸಿ. ದನ ನುಗ್ಗುವ ಕಡೆ ಬೇಲಿ ಅಥವಾ ಅಗಳ (ಕಂದಕ).

ಇಷ್ಟಾದ ಮೇಲೂ ಕೋಲೇ ಇಲ್ಲದ ಖಾಲಿ ಜಾಗ ಉಳಿದರೆ ಅಲ್ಲಿ ನೆಡಿ. ಬೇಸಿಗೆಯಲ್ಲೇ ಒಂದೂವರೆ ಅಡಿ ಗುಂಡಿ ತೆಗೆದಿಟ್ಟು, ಜೂನ್ ಮಳೆ ಹಿಡಿದ ಮೇಲೆ ಸಸಿ ಇಡಿ. ಬಿಸಿಲು ಬೀಳುವ ಕಡೆ ಹೊನ್ನೆ, ಮತ್ತಿ. ಅವಕ್ಕೆ ಬೆಳಕು ಬೇಕು. ದೊಡ್ಡ ಮರದ ನೆರಳಿಗೆ ಮುರುಗಲು, ಉಪ್ಪಾಗೆ. ಇವೆರಡರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ, ಹೂ ಬರುವ ತನಕ ಗೊತ್ತೂ ಆಗುವುದಿಲ್ಲ, ಅದಕ್ಕೇ ಒಂದೆರಡು ನೆಟ್ಟು ಕಾಯಿಗೆ ಕಾಯಬೇಡಿ, ಏಳೆಂಟು ಒಟ್ಟಿಗೆ ಹಾಕಿ.

ಮುಂದಿನ ಅಕ್ಟೋಬರಿಗೆ ಮತ್ತೆ ಹತ್ತಿ ಕೋಲು ಎಣಿಸಿ. ಗಿಡ ಸತ್ತ ಕಡೆ ಕೋಲು ಕೀಳಿ, ಹೊಸದು ಕಂಡ ಕಡೆ ಊರಿ. ಕೋಲನ್ನು ಗೆದ್ದಲು ತಿಂದಿದ್ದರೂ ಗಿಡ ಎದೆ ಮಟ್ಟಕ್ಕೆ ಬಂದಿದ್ದರೆ ಅದಕ್ಕೆ ಇನ್ನು ಕೋಲು ಬೇಡ.