ಯುಗಾದಿ ಹೊತ್ತಿಗೆ ಮಲ್ಲಿಗೆ ಬುಟ್ಟಿ ತುಂಬಬೇಕಾ?

ನಮ್ಮ ಶಿವಮೊಗ್ಗದ ಕಡೆ ವಸಂತ ಅಂದ್ರೆ ದುಂಡುಮಲ್ಲಿಗೆ ಅಲ್ವಾ. ಹೂವು ಬರುವುದು ಹೊಸ ಚಿಗುರಿನ ತುದಿಯಲ್ಲಿ, ಹಾಗಾಗಿ ಡಿಸೆಂಬರ್ ಕೊನೆಗೆ ಗಿಡವನ್ನು ಮೊಣಕಾಲೆತ್ತರಕ್ಕೆ ಧೈರ್ಯವಾಗಿ ಕತ್ತರಿಸಿ, ಬುಡಕ್ಕೆ ಕೊಟ್ಟಿಗೆ ಗೊಬ್ಬರ ಕೊಟ್ಟು ನೀರು ಹಾಕಿ. ಮಾರ್ಚ್ ಬಿಸಿಲಿಗೆ ಮಣ್ಣು ಬಿರುಕು ಬಿಡುತ್ತದೆ. ದರಕು (ಉದುರಿದ ಒಣ ಎಲೆ) ಇಲ್ಲವೇ ಒಣ ಅಡಿಕೆ ಸಿಪ್ಪೆ ನಾಲ್ಕು ಬೆರಳು ದಪ್ಪ ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಆಂಥೂರಿಯಂ ಕುಂಡಗಳು ಜಗಲಿ ನೆರಳಿಗೆ. ದಾಸವಾಳದ ಚಿಗುರಲ್ಲಿ ಬಿಳಿ ಹಿಟ್ಟಿನಂಥ ಹುಳ ಕಂಡರೆ ಸುಮ್ನೆ ಔಷಧಿ ಹುಡುಕಬೇಡಿ, ಮೊದಲು ಪೈಪಿನ ನೀರು ಜೋರಾಗಿ ಬಿಡಿ.

ಮಲ್ಲಿಗೆ ಮೊಗ್ಗು ಸಂಜೆ ಬಿಡಿಸಿ. ಹಸಿರು ಹೋಗಿ ಹಾಲುಬಿಳಿಯಾಗಿ ಉಬ್ಬಿರಬೇಕು, ಬಾಯಿ ಬಿಟ್ಟಿರಬಾರದು. ಒದ್ದೆ ಬಾಳೆಲೆಯಲ್ಲಿಟ್ಟರೆ ರಾತ್ರಿ ಊಟದ ಹೊತ್ತಿಗೆ ಮನೆಯೆಲ್ಲಾ ಘಮ. ನಾನಂತೂ ನಾಲ್ಕು ಮೊಗ್ಗು ಗಿಡದಲ್ಲೇ ಬಿಡುತ್ತೇನೆ.